ಹಿನ್ನೀರಿನ ಮನೆಯಲ್ಲಿ ಬೆಂಗಳೂರಿನ ಕಂಪ್ಯೂಟರ್

ಲಿಂಗನಮಕ್ಕಿ ಹಿನ್ನೀರಿನ ಪಕ್ಕದ ನಮ್ಮ ಮನೆಗೆ ಫೈಬರ್ ಬಂದಿದ್ದೇ ತಡ, ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಮಾನಿಟರ್, ಕೀಬೋರ್ಡ್ ಸಿಕ್ಕಿಸಿ ಬೆಂಗಳೂರಿನ ಕಂಪ್ಯೂಟರನ್ನು ಇಲ್ಲಿಂದಲೇ ನಡೆಸತೊಡಗಿದೆ. ಮೊದಲ ದಿನ ಮೌಸ್ ಸರಿಸಿದರೆ ಬಾಣ ತಡೆದು ತಡೆದು ಬರುತ್ತಿತ್ತು. ಅದು ದೂರದ ತಪ್ಪಲ್ಲ. ಫೈಬರಿನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತದೆ. ತಡವಾಗುತ್ತಿದ್ದದ್ದು ಮನೆಯೊಳಗೇ, ಎರಡು ದಪ್ಪ ಮಣ್ಣಿನ ಗೋಡೆ ದಾಟಬೇಕಿದ್ದ ವೈಫೈನಲ್ಲಿ! ಅಟ್ಟದ ಮೇಲಿಂದ ಲ್ಯಾನ್ ಕೇಬಲ್ ಎಳೆದೆ, ಸರಿಹೋಯಿತು.

ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೂ, ಕೆಲಸವೆಲ್ಲ ಬೆಂಗಳೂರಿನ ಕಂಪ್ಯೂಟರಿನಲ್ಲೇ ನಡೆಯುವುದರಿಂದ ಕಳೆಯುವುದಿಲ್ಲ. ಮತ್ತೆ ತೆರೆದರೆ ಅರ್ಧ ಬರೆದ ಸಾಲಿನ ತುದಿಯಲ್ಲಿ ಕರ್ಸರ್ ಮಿನುಗುತ್ತಿರುತ್ತದೆ.

ಆಚೆ ದಡದ ತುಮರಿ ಕಡೆಗೆ 2025ರ ಜುಲೈನಲ್ಲಿ ಸೇತುವೆ ಬಂತು. ಅಲ್ಲಿನ ಮನೆಮನೆಗೂ ಫೈಬರ್ ಬೇಗ ಮುಟ್ಟಲಿ. ಊರಿಗೆ ಮರಳಬೇಕೆನ್ನುವ ಮಕ್ಕಳು ಆ ಮನೆಗಳಿಗೂ ಇದ್ದಾರೆ.