ದೊಡ್ಡಮ್ಮನ ಗ್ರಾಚ್ಯುಟಿ ಮತ್ತು ಸರ್ಕಾರದ ಪರ್ಸು

ಬಂಟ್ವಾಳದ ಮನೆಗೆ ಹೋದಾಗೆಲ್ಲ ಒಂದು ದಿನ ಬೆಳ್ತಂಗಡಿ ಬಸ್ಸು ಹತ್ತಲೇಬೇಕು. ಅಲ್ಲಿ ದೊಡ್ಡಮ್ಮ ಇದ್ದಾರೆ. 27 ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದು 2021ರಲ್ಲಿ ನಿವೃತ್ತರಾದವರು. ಈ ಸಲ ನೀರುದೋಸೆ ಬಡಿಸಿದ ಮೇಲೆ ಒಂದು ಪ್ಲಾಸ್ಟಿಕ್ ಫೈಲು ತಂದು ಮುಂದಿಟ್ಟರು.

"ನೀನು ಎಚ್‌ಆರ್ ಅಲ್ವಾ, ನೋಡು. ಸುಪ್ರೀಂ ಕೋರ್ಟು ಕೊಡಿ ಅಂದಿದೆಯಂತೆ. ಕೇಳಿದಲ್ಲೆಲ್ಲ ಅನುದಾನ ಇಲ್ಲ ಅಂತಾರೆ. ಹಾಗಾದ್ರೆ ಯಾರು ದೊಡ್ಡೋರು, ಕೋರ್ಟೋ ಬಜೆಟ್ಟೋ?"

ನನಗೆ ಗೊತ್ತಿರಲಿಲ್ಲ. ನಮ್ಮ ಆಫೀಸಿನಲ್ಲಿ ಗ್ರಾಚ್ಯುಟಿ ಎಂದರೆ ಎಕ್ಸೆಲ್‌ನ ಒಂದು ಕಾಲಂ, ಅಷ್ಟೆ. ಮರುದಿನ ಫೈಲು ಹಿಡಿದು, ವೇಣೂರು ದಾರಿಯಾಗಿ ಮೂಡುಬಿದಿರೆಗೆ ಹೋದೆ. ಅಲ್ಲಿ ಶಾಲೆಯ ಗೆಳತಿಯೊಬ್ಬಳು ವಕೀಲೆ.

ಅವಳು ಶುರು ಮಾಡಿದ್ದೇ ನಿರಾಸೆಯಿಂದ. ನಮ್ಮ ರಾಜ್ಯದ್ದೇ ಉಮಾದೇವಿ ಪ್ರಕರಣ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳದ್ದು. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ನೇಮಕಾತಿ ನಿಯಮ ತಪ್ಪಿಸಿ ಬಂದವರನ್ನು ಕಾಯಂ ಮಾಡಿ ಎಂದು ಕೋರ್ಟುಗಳು ಸಾಮಾನ್ಯವಾಗಿ ಆದೇಶಿಸುವಂತಿಲ್ಲ ಎಂದಿತು. ಅದೇ ಡಿಸೆಂಬರ್‌ನಲ್ಲಿ ಅಮೀರ್‌ಬಿ ಪ್ರಕರಣ, ಅದೂ ಕರ್ನಾಟಕದ್ದೇ: ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆಯೇ ಅಲ್ಲ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. (ಗೌರವ ಎಷ್ಟಿದೆಯೋ, ಧನವಂತೂ ಕಾಣೆ.) ಅದನ್ನು ಎಷ್ಟು ಏರಿಸಬೇಕೆಂಬುದು ಸರ್ಕಾರದ ತೀರ್ಮಾನ. ಅಲ್ಲಿ ಕೋರ್ಟು ಕೈ ಹಾಕುವುದು ಕಡಿಮೆ.

"ಆದ್ರೆ ಗ್ರಾಚ್ಯುಟಿ ಬೇರೆ ಮಾರಾಯ್ತಿ" ಎಂದಳು. 2022ರ ಏಪ್ರಿಲ್ 25ರಂದು ಗುಜರಾತಿನ ಪ್ರಕರಣವೊಂದರಲ್ಲಿ, ಅಂಗನವಾಡಿಯವರಿಗೂ 1972ರ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ, ಗೌರವಧನವೂ ವೇತನವೇ ಎಂದು ಸುಪ್ರೀಂ ಕೋರ್ಟು ಹೇಳಿತು. ಅಂದರೆ ಇದು ಕೊಟ್ಟರೆ ಕೊಟ್ಟಾರು ಎನ್ನುವ ಹಣ ಅಲ್ಲ, ಸಾಲ. ತಡವಾದರೆ ಬಡ್ಡಿ ಸಮೇತ.

ಸರಿ, ಸಾಲ ಒಪ್ಪಿದರೂ ಬಜೆಟ್ಟಿನಲ್ಲಿ ಇಲ್ಲ ಅಂದರೆ? ಆಗ ಅವಳು ಮೊಬೈಲಿನಲ್ಲಿ ಸಂವಿಧಾನದ 202ನೇ ವಿಧಿ ತೆಗೆದು ತೋರಿಸಿದಳು. ರಾಜ್ಯದ ಸಂಚಿತ ನಿಧಿಯಿಂದ ಶಾಸಕರ ಮತಕ್ಕೆ ಹಾಕದೆಯೇ ಕೊಡಬೇಕಾದ ಖರ್ಚುಗಳ ಪಟ್ಟಿ ಅದರಲ್ಲಿದೆ. ರಾಜ್ಯಪಾಲರ ಸಂಬಳ, ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ, ಸಾಲದ ಬಡ್ಡಿ. ಅದೇ ಸಾಲಿನಲ್ಲಿ, ಕೋರ್ಟಿನ ತೀರ್ಪನ್ನು ಪೂರೈಸಲು ಬೇಕಾದ ಮೊತ್ತ! ನನಗೆ ನಿಜಕ್ಕೂ ಖುಷಿಯಾಯಿತು. ಬಜೆಟ್ ಬರೆಯುವುದು ಸರ್ಕಾರವೇ, ಆದರೆ ಈ ಒಂದು ಸಾಲನ್ನು ಸಂವಿಧಾನ ಮೊದಲೇ ಬರೆದಿಟ್ಟಿದೆ.

"ಅದಕ್ಕೆ ದೊಡ್ಡಮ್ಮನ ಹೆಸರಲ್ಲೊಂದು ಆದೇಶ ಬೇಕು" ಎಂದು ಗೆಳತಿ ನನ್ನನ್ನು ನೆಲಕ್ಕಿಳಿಸಿದಳು. ಬೇರೆಯವರ ಪ್ರಕರಣದ ತೀರ್ಪು ತೋರಿಸಿದರೆ ದುಡ್ಡು ತಾನಾಗಿ ಬಾರದು. ಕಾರ್ಮಿಕ ಇಲಾಖೆಯ ನಿಯಂತ್ರಣಾಧಿಕಾರಿಗೆ ಅರ್ಜಿ ಹಾಕಬೇಕು, ತಡವಾಗಿದ್ದಕ್ಕೆ ಕಾರಣ ಕೊಡಬೇಕು.

ವಾಪಸು ಬರುವಾಗ ಬಸ್ಸಿನಲ್ಲೇ ಲೆಕ್ಕ ಹಾಕಿದೆ. ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನ. ಲೆಕ್ಕಕ್ಕೆ ಸುಲಭವಾಗಲಿ ಎಂದು ಕೊನೆಯ ಗೌರವಧನ 10,000 ರೂಪಾಯಿ ಎಂದಿಟ್ಟುಕೊಂಡರೆ 27 ವರ್ಷಕ್ಕೆ 1,55,769. ನಮ್ಮ ಆಫೀಸಿನಲ್ಲಿ ಕೆಲವರ ಒಂದು ತಿಂಗಳ ಸಂಬಳ.

ದೊಡ್ಡಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. 202ನೇ ವಿಧಿಯ ಬಗ್ಗೆ ಅವರಿಗೆ ಆಸಕ್ತಿ ಇರಲಿಲ್ಲ. "ಕೆಲಸಕ್ಕೆ ಸೇರಿದ ಆರ್ಡರ್ ಬೇಕಾ? ಅದರ ಒಂದು ಮೂಲೆ ಗೆದ್ದಲು ತಿಂದಿದೆ. ತಾರೀಕು ಮಾತ್ರ ಉಳಿದುಂಟು" ಎಂದರು. ಸೋಮವಾರ ರಜೆ ಹಾಕಿದ್ದೇನೆ. ಅರ್ಜಿ ಹಿಡಿದು ಇಬ್ಬರೂ ಹೋಗುತ್ತೇವೆ.