ಡಾಕ್ಟರ್ ಬಾರದ ಮಧ್ಯಾಹ್ನ

ಪರ್ತ್‌ನಲ್ಲಿ ಬೇಸಿಗೆ ಮಧ್ಯಾಹ್ನ ಕಡಲ ಕಡೆಯಿಂದ ತಂಗಾಳಿ ಏಳುತ್ತದೆ. ಊರವರು ಅದನ್ನು ‘ಫ್ರೀಮ್ಯಾಂಟಲ್ ಡಾಕ್ಟರ್’ ಎನ್ನುತ್ತಾರೆ. ಅದು ಬರುತ್ತದೆಂದು ನಂಬಿಯೇ ಸ್ವಾನ್ ನದಿಯಲ್ಲಿ ನಾವು ಹಾಯಿದೋಣಿ ಪಂದ್ಯಕ್ಕೆ ಇಳಿದಿದ್ದೆವು. ಫೆಬ್ರುವರಿ ತಿಂಗಳು. ಬಿಸಿಲು 38 ಡಿಗ್ರಿ.

ದೋಣಿ ಭಾವನದು. ಹೋಬಿ 16 ಎಂಬ ಕ್ಯಾಟಮರಾನ್, ಐದು ಮೀಟರ್ ಉದ್ದ. ಎರಡು ಒಡಲುಗಳ ನಡುವೆ ಬಿಗಿದ ಹಾಸಿನ ಮೇಲೆ ಇಬ್ಬರು ಕೂರುತ್ತಾರೆ. ನೆರಳೆಂಬುದು ಹಾಯಿಯದ್ದು ಮಾತ್ರ, ಅದೂ ಸಿಕ್ಕಿದರೆ. ಗಾಳಿ ಕಡಿಮೆಯಿದ್ದಾಗ ಇಬ್ಬರೂ ಮುಂದಕ್ಕೆ ಸರಿಯಬೇಕು. ಆಗ ಹಿಂಭಾಗ ನೀರಿನಿಂದ ತುಸು ಮೇಲೇಳುತ್ತದೆ. ಆಮೇಲೆ ಅಲ್ಲಾಡಬಾರದು. ದೋಣಿ ಕುಲುಕಿದರೆ ಹಾಯಿಯಲ್ಲಿದ್ದ ಅಷ್ಟಿಷ್ಟು ಗಾಳಿಯೂ ಹೋಗುತ್ತದೆ. ಹುಟ್ಟು ಹಾಕಲು ಪಂದ್ಯದ ನಿಯಮ ಬಿಡುವುದಿಲ್ಲ.

ಮೆಲ್ವಿಲ್ ವಾಟರ್ ನದಿಯ ಅಗಲವಾದ ಭಾಗ. ತಿರುವಿಗೆ ಗುರುತಾಗಿ ತೇಲಿಬಿಟ್ಟ ಮೊದಲ ಬೋಯೆ ಸುತ್ತುವಷ್ಟರಲ್ಲಿ ಬೆಳಗಿನ ಮೂಡಣ ಗಾಳಿ ಬಿದ್ದುಹೋಯಿತು. ನೀರು ಎಣ್ಣೆಯಂತೆ ನಿಂತಿತು. ದೋಣಿಗಳು ಮುಖ ಕಂಡ ಕಡೆ ತಿರುಗಿಕೊಂಡವು. ಅಲ್ಯೂಮಿನಿಯಂ ಅಡ್ಡಪಟ್ಟಿ ಮುಟ್ಟಿದರೆ ಕೈ ಸುಡುತ್ತಿತ್ತು. ಲೈಫ್ ಜಾಕೆಟ್ ತೆಗೆಯುವಂತಿಲ್ಲ. ತಂದಿದ್ದ ನೀರು ಮುಗಿಯಿತು.

ಭಾವ ಕದಲದೆ ಕೂತಿದ್ದರು. ಕೂರಬೇಕಾದದ್ದೇ ಹಾಗೆ. ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

“ಭಾವ, ಆ ಕಡೆ ತಿರುಗಿಸೋಣವಾ?” ಎಂದೆ.

“ಬಸ್ಸು ಬಂತಾ?” ಎಂದರು.

ತಮಾಷೆ ಅಂದುಕೊಂಡೆ. ಮುಖ ನೋಡಿದೆ. ಬೆವರು ಇರಲಿಲ್ಲ. ಕಣ್ಣು ನನ್ನ ಮೇಲೆ ನಿಲ್ಲುತ್ತಿರಲಿಲ್ಲ. ಚುಕ್ಕಾಣಿಯ ಹಿಡಿ ಕೈಯಿಂದ ಜಾರಿತ್ತು. ಸ್ವಲ್ಪ ಹೊತ್ತಿಗೆ ವಾಂತಿ ಮಾಡಿಕೊಂಡು ಪಕ್ಕಕ್ಕೆ ವಾಲಿದರು.

ನನಗೆ ಭಯವಾಯಿತು. ಅವರು ನೀರಿಗೆ ಬಿದ್ದರೆ ಎತ್ತುವ ಶಕ್ತಿ ನನಗಿಲ್ಲ. ಅವರನ್ನು ಹಾಸಿನ ನಡುವೆ ಎಳೆದು ಮಗ್ಗುಲಾಗಿಸಿ, ಅವರ ಜಾಕೆಟ್ಟನ್ನು ನನ್ನ ಕಾಲಡಿ ಒತ್ತಿ ಹಿಡಿದೆ. ಟೋಪಿಯಲ್ಲಿ ನದಿ ನೀರು ಮೊಗೆದು ಕುತ್ತಿಗೆಗೆ, ಎದೆಗೆ ಸುರಿದೆ. ನಡುನಡುವೆ ಎರಡೂ ಕೈ ಎತ್ತಿ ಬೀಸಿದೆ. ರಕ್ಷಣಾ ದೋಣಿ ದೂರದಲ್ಲಿ ಬೇರೆಯವರನ್ನು ಎಳೆದು ತರುತ್ತಿತ್ತು.

ಹತ್ತಿರದ ದೋಣಿಯವರಿಗೆ ನಾವು ಕಂಡೆವು. ಆದರೆ ಗಾಳಿಯಿಲ್ಲದೆ ಅವರೂ ಬರುವಂತಿರಲಿಲ್ಲ. ಅದರಲ್ಲಿದ್ದ ಹುಡುಗನೊಬ್ಬ ನೀರಿಗೆ ಹಾರಿ ಈಜಿ ಬಂದ. ಜಾಕೆಟ್ಟಿನೊಳಗೆ ಐಸ್ ನೀರಿನ ಬಾಟಲಿ ಸಿಕ್ಕಿಸಿಕೊಂಡಿದ್ದ. “ಕುಡಿಸಬೇಡಿ, ಮೈಗೆ ಹಾಕಿ” ಎಂದ. ತಣ್ಣನೆಯ ಬಾಟಲಿಯನ್ನು ಭಾವನ ಕಂಕುಳಲ್ಲಿಟ್ಟು, ಬಿಸಿಲಿಗೆ ಅಡ್ಡವಾಗಿ ಮಂಡಿಯೂರಿ ಕೂತ. ರಕ್ಷಣಾ ದೋಣಿ ಬರುವತನಕ ಅಲ್ಲಾಡಲಿಲ್ಲ. ನಾನು ಅವನ ಹೆಸರು ಕೇಳಲಿಲ್ಲ. ಕೇಳುವಷ್ಟು ಬುದ್ಧಿ ಆಗ ಇರಲಿಲ್ಲ.

ನಮ್ಮನ್ನು ದಡಕ್ಕೆ ಒಯ್ಯುವಾಗ ಹಿಂದೆ ಮೂರು ಬಾರಿ ಹಾರ್ನ್ ಕೇಳಿತು. ಪಂದ್ಯ ರದ್ದು.

ಆಸ್ಪತ್ರೆಯಲ್ಲಿ ಅದನ್ನು ಬಿಸಿಲಾಘಾತ ಎಂದರು. ಡ್ರಿಪ್ ಹಾಕಿದರು, ಮೂತ್ರಪಿಂಡದ ಪರೀಕ್ಷೆ ಮಾಡಿದರು. ಅಕ್ಕ ಬಂದಾಗ ಭಾವ ಅವಳನ್ನು ಗುರುತಿಸಿದರು. ಅಲ್ಲಿಯವರೆಗೆ ತಡೆದುಕೊಂಡಿದ್ದ ನಾನು ಬಾತ್‌ರೂಮಿಗೆ ಹೋಗಿ ಅತ್ತೆ.

ಭಾವನಿಗೆ ಬೋಯೆ ಸುತ್ತಿದ ನಂತರದ್ದು ಒಂದೂ ನೆನಪಿಲ್ಲ. ಆಗ ನಾವು ಎಷ್ಟನೆಯವರಾಗಿದ್ದೆವು ಎಂದು ಈಗಲೂ ಕೇಳುತ್ತಾರೆ. ಹಿಂದಿನಿಂದ ಎರಡನೆಯವರು ಎಂದರೆ ನಂಬುವುದಿಲ್ಲ.