ಪೇಟೆ ಬೀದಿಯ ಮೊಬೈಲ್ ಬೇಟೆ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಬೀದಿಗಳಿಗೆ ಹೆಸರು ಬಂದದ್ದು ಅಲ್ಲಿ ಮಾರುತ್ತಿದ್ದ ಸರಕಿನಿಂದ, ಇಲ್ಲವೇ ಅಲ್ಲಿ ಕೂತು ದುಡಿಯುತ್ತಿದ್ದವರಿಂದ. ಅಕ್ಕಿಪೇಟೆಗೆ ಅಕ್ಕಿಯಿಂದ, ಅರಳೆಪೇಟೆಗೆ ಅರಳೆಯಿಂದ, ಕುಂಬಾರಪೇಟೆಗೆ ಕುಂಬಾರರಿಂದ. ಇದೇ ಲೆಕ್ಕದಲ್ಲಿ ಹೋದರೆ ಸಾದರ ಪತ್ರಪ್ಪ ರಸ್ತೆಗೆ ಇಷ್ಟು ಹೊತ್ತಿಗೆ ‘ವೈರುಪೇಟೆ’ ಎಂದೋ ‘ಮೊಬೈಲುಪೇಟೆ’ ಎಂದೋ ಹೆಸರಾಗಬೇಕಿತ್ತು. ಜನ ಅಷ್ಟು ಕಷ್ಟ ತೆಗೆದುಕೊಳ್ಳದೆ ‘ಎಸ್.ಪಿ. ರೋಡ್’ ಎಂದು ಮೊಟಕು ಮಾಡಿಟ್ಟರು. ಹೊಸದಾಗಿ ಊರಿಗೆ ಬಂದವರಲ್ಲಿ ಇದನ್ನು ಪೊಲೀಸ್ ಸೂಪರಿಂಟೆಂಡೆಂಟರ ರಸ್ತೆ ಎಂದುಕೊಂಡವರೂ ಇದ್ದರೆ ಆಶ್ಚರ್ಯವಿಲ್ಲ!

ಮೆಜೆಸ್ಟಿಕ್ಕಿನಲ್ಲಿ ಕೆಂಪು ಬಸ್ಸಿನಿಂದ ಇಳಿದವರಿಗೆ ಇದು ದೂರವೇನಲ್ಲ. ಮೆಟ್ರೊದ ಹಸಿರು ಮಾರ್ಗದಲ್ಲಿ ಒಂದೇ ನಿಲ್ದಾಣ ದಾಟಿದರೆ ಚಿಕ್ಕಪೇಟೆ. ಅಲ್ಲಿಂದ ರೇಷ್ಮೆ ಸೀರೆಯ ಅಂಗಡಿಗಳನ್ನೂ, ಅವೆನ್ಯೂ ರಸ್ತೆಯ ಪುಸ್ತಕದ ರಾಶಿಗಳನ್ನೂ ಹಾದು ನಗರ್ತಪೇಟೆಯ ಸಂದಿಗೊಂದಿಗಳಲ್ಲಿ ನುಸುಳಿದರೆ ಸಾಕು. ಎದುರಿಗೆ ತಳ್ಳುಗಾಡಿ, ಹಿಂದಿನಿಂದ ಸ್ಕೂಟರು, ಪಕ್ಕದಲ್ಲಿ ತಲೆಯ ಮೇಲೆ ಮೂಟೆ ಹೊತ್ತ ಹಮಾಲಿ. ಕರಗದ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಮೆರವಣಿಗೆ ಈ ಪೇಟೆಗಳಲ್ಲೇ ಸುತ್ತುತ್ತದೆ. ಉಳಿದ ದಿನಗಳಲ್ಲಿ ಸುತ್ತುವುದು ಗಿರಾಕಿಗಳು.

ಎಸ್.ಪಿ. ರಸ್ತೆಯಲ್ಲಿ ಸಿಗದ್ದೇನಿದೆ? ಒಂದು ರೂಪಾಯಿಯ ಚಿಲ್ಲರೆಯ ರೆಸಿಸ್ಟರಿನಿಂದ ಹಿಡಿದು ಲ್ಯಾಪ್‌ಟಾಪಿನವರೆಗೆ, ಸಿಸಿಟಿವಿ ಕ್ಯಾಮೆರಾ, ಕೇಬಲ್ಲು, ಬ್ಯಾಟರಿ, ಮೋಟಾರು. ಎಂಜಿನಿಯರಿಂಗ್ ವಿದ್ಯಾರ್ಥಿಗಳಂತೂ ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಇಲ್ಲಿಗೆ ಒಮ್ಮೆಯಾದರೂ ಬಂದೇ ಬರುತ್ತಾರೆ. ಅಂಗಡಿ ಎಂದರೆ ಕೆಲವೆಡೆ ಒಬ್ಬ ಕೂತು ಒಬ್ಬ ನಿಲ್ಲುವಷ್ಟು ಜಾಗ. ಇಲ್ಲಿನ ವ್ಯಾಪಾರದ ಒತ್ತಾಯ ಬಾಯಿಬಿಟ್ಟು ಕೂಗುವಂಥದ್ದು. ‘ಬನ್ನಿ ಸಾರ್, ಏನ್ ಬೇಕು, ಒಳಗೆ ಬಂದು ನೋಡಿ, ನೋಡೋಕೆ ದುಡ್ಡಿಲ್ಲ’ ಎಂದು ಮೆಟ್ಟಿಲ ಮೇಲೆ ನಿಂತ ಹುಡುಗ ಕರೆಯುತ್ತಾನೆ. ಬೇಡ ಎಂದರೆ ಮುಂದಿನವರನ್ನು ಕರೆಯುತ್ತಾನೆ. ಬೆಲೆ ಹೇಳುತ್ತಾನೆ, ಗಿರಾಕಿ ಅರ್ಧಕ್ಕೆ ಕೇಳುತ್ತಾನೆ, ನಡುವೆ ಎಲ್ಲೋ ಸಂಧಾನವಾಗುತ್ತದೆ. ಇಬ್ಬರಿಗೂ ಆಟದ ನಿಯಮ ಗೊತ್ತು.

ನಿಯಮ ಗೊತ್ತಿಲ್ಲದ ಆಟ ನಡೆಯುವುದು ಪೇಟೆಯ ಗಲ್ಲಿ ಮುಗಿದು ದೊಡ್ಡ ರಸ್ತೆ ಸಿಕ್ಕಿದ ಮೇಲೆ, ಗಾಜಿನ ಬಾಗಿಲಿನ, ತಣ್ಣನೆಯ ಗಾಳಿಯ ಮೊಬೈಲ್ ಶೋರೂಮುಗಳಲ್ಲಿ. ಇದಕ್ಕೆ ಬೆಂಗಳೂರೇ ಆಗಬೇಕೆಂದೇನಿಲ್ಲ. ಇಂಥ ಶೋರೂಮುಗಳು ಈಗ ದಾವಣಗೆರೆ, ಹಾಸನ, ವಿಜಯಪುರಗಳಲ್ಲೂ ಇವೆ, ತಾಲ್ಲೂಕು ಕೇಂದ್ರಗಳಲ್ಲೂ ಇವೆ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದು ಕಾಲೇಜು ಸೇರುವ ಹೊತ್ತಿಗೆ ಅಲ್ಲಿ ಕಾಣುವ ದೃಶ್ಯ ಎಲ್ಲ ಊರಲ್ಲೂ ಒಂದೇ. ಕೈಯಲ್ಲಿ ಬಟ್ಟೆಯ ಚೀಲ ಹಿಡಿದ ಅಪ್ಪ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡ ಅಮ್ಮ, ಅವರಿಗಿಂತ ಎರಡು ಹೆಜ್ಜೆ ಮುಂದೆ ಮಗಳು ಅಥವಾ ಮಗ. ಮನೆಯಲ್ಲೇ ಮಾತಾಗಿದೆ: ಹದಿನೈದು ಸಾವಿರ, ಅದರ ಮೇಲೆ ಒಂದು ಪೈಸೆಯೂ ಇಲ್ಲ.

ಬಾಗಿಲು ತೆರೆಯುತ್ತಿದ್ದಂತೆ ಬಣ್ಣದ ಟೀ ಶರ್ಟು ತೊಟ್ಟ ಹುಡುಗರು ಮುಂದೆ ಬರುತ್ತಾರೆ. ಒಬ್ಬನದು ನೀಲಿ, ಇನ್ನೊಬ್ಬನದು ಹಸಿರು, ಮತ್ತೊಬ್ಬನದು ಕಿತ್ತಳೆ. ಇವರೆಲ್ಲ ಅಂಗಡಿಯ ನೌಕರರು ಎಂದುಕೊಳ್ಳುವುದೇ ಬಹುತೇಕ ಪೋಷಕರ ಮೊದಲ ತಪ್ಪು ತಿಳಿವಳಿಕೆ. ಇವರಲ್ಲಿ ಹಲವರು ಮೊಬೈಲ್ ಕಂಪನಿಗಳ ಪರವಾಗಿ ಅಂಗಡಿಯಲ್ಲಿ ನಿಲ್ಲುವ ‘ಪ್ರಮೋಟರ್’ಗಳು. ತಮ್ಮ ಕಂಪನಿಯ ಫೋನು ಎಷ್ಟು ಹೋಯಿತು ಎಂಬುದರ ಮೇಲೆ ಅವರ ಕೈಗೆ ಬರುವ ಹಣ ನಿಂತಿದೆ. ತಿಂಗಳಿಗೆ ಇಷ್ಟು ಎಂಬ ಗುರಿಯೂ ಇರುತ್ತದೆ. ‘ಯಾವ ಫೋನು ಒಳ್ಳೆಯದಪ್ಪಾ?’ ಎಂದು ಅಪ್ಪ ಮುಗ್ಧವಾಗಿ ಕೇಳುವ ಪ್ರಶ್ನೆ, ಎಳನೀರು ಮಾರುವವನ ಹತ್ತಿರ ‘ಎಳನೀರು ಒಳ್ಳೆಯದೋ ಕಬ್ಬಿನ ಹಾಲು ಒಳ್ಳೆಯದೋ’ ಎಂದು ಕೇಳಿದಂತೆ. ಆ ಹುಡುಗರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಬೆಳಿಗ್ಗೆಯಿಂದ ರಾತ್ರಿಯವರೆಗೆ ನಿಂತೇ ದುಡಿಯುವ ಅವರೂ ಇತ್ತೀಚೆಗಷ್ಟೇ ಕಾಲೇಜು ಬಿಟ್ಟವರಂತೆ ಕಾಣುತ್ತಾರೆ.

ಮಗಳು ಮನೆಯಲ್ಲೇ ನೋಡಿಕೊಂಡು ಬಂದ ಮಾಡೆಲಿನ ಹೆಸರು ಹೇಳುತ್ತಾಳೆ. ‘ಅದು ಸ್ಟಾಕ್ ಇಲ್ಲ ಮೇಡಂ’ ಎಂಬ ಉತ್ತರ ಥಟ್ಟನೆ ಬರುವುದುಂಟು. ನಿಜವಾಗಿಯೂ ಇಲ್ಲದೆ ಇರಬಹುದು. ಇದ್ದೂ ಇಲ್ಲವೆನ್ನುವುದೂ ಇರಬಹುದು. ಅದನ್ನು ಪರೀಕ್ಷಿಸುವ ದಾರಿ ಸುಲಭ: ‘ಹಾಗಾದರೆ ಪಕ್ಕದ ಅಂಗಡಿಯಲ್ಲಿ ನೋಡುತ್ತೇವೆ’ ಎಂದು ಬಾಗಿಲ ಕಡೆ ನಾಲ್ಕು ಹೆಜ್ಜೆ ಹಾಕಿದರೆ ಕೆಲವೊಮ್ಮೆ ಗೋದಾಮಿನಿಂದ ಅದೇ ಫೋನು ಅವತರಿಸುತ್ತದೆ! ಇನ್ನು ಕೆಲವರು ಮಾಡೆಲನ್ನೇ ಹಳಿಯುತ್ತಾರೆ. ‘ಅದು ಬಿಸಿಯಾಗುತ್ತೆ, ಮೂರು ಕಂಪ್ಲೇಂಟ್ ಬಂದಿವೆ, ಇದನ್ನು ತಗೊಳ್ಳಿ, ಇನ್ನು ಎರಡು ಸಾವಿರ ಹಾಕಿದರೆ ಕ್ಯಾಮೆರಾ ನೋಡಿ ಹೇಗಿದೆ.’

ಇಲ್ಲೊಂದು ಸೂಕ್ಷ್ಮವಿದೆ. ಮಾತು ಅಪ್ಪನ ಜೊತೆ ನಡೆಯುವುದಿಲ್ಲ. ಹುಡುಗನ ಕಣ್ಣು ಮಗಳ ಮೇಲೆ, ಫೋನು ಮಗಳ ಕೈಯಲ್ಲಿ. ಅವಳದೇ ಒಂದು ಚಿತ್ರ ತೆಗೆದು ತೋರಿಸುತ್ತಾನೆ. ‘ಕಾಲೇಜಿಗೆ ಅಲ್ವಾ? ಎಲ್ಲ ಸ್ಟೂಡೆಂಟ್ಸೂ ಇದನ್ನೇ ತಗೊಳ್ಳೋದು’ ಎನ್ನುತ್ತಾನೆ. ಆಮೇಲೆ ಅಪ್ಪನ ಕಡೆ ತಿರುಗಿ, ‘ಮಗಳ ಓದಿಗೆ ತಾನೆ ಸಾರ್’ ಎಂದು ನಗುತ್ತಾನೆ. ಆಗ ‘ಬೇಡ’ ಎನ್ನುವುದು ಫೋನಿಗೆ ಬೇಡ ಎಂದಂತಾಗುವುದಿಲ್ಲ, ಮಗಳಿಗೆ ಬೇಡ ಎಂದಂತಾಗುತ್ತದೆ. ನಾಲ್ಕು ಜನರ ಎದುರು, ಹಿಂದೆ ಇನ್ನೊಂದು ಕುಟುಂಬ ಕಾಯುತ್ತಿರುವಾಗ, ‘ನಮಗೆ ಅಷ್ಟು ಆಗುವುದಿಲ್ಲ’ ಎಂಬ ಮಾತು ಗಂಟಲಲ್ಲೇ ಉಳಿಯುತ್ತದೆ. ತಲೆಮಾರುಗಳಿಂದ ದನದ ಜಾತ್ರೆಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ಗಟ್ಟಿಯಾಗಿ ಚೌಕಾಸಿ ಮಾಡಿದ ಮನೆತನದವರೂ ಈ ತಣ್ಣನೆಯ ಕೋಣೆಯಲ್ಲಿ ಮೆತ್ತಗಾಗುತ್ತಾರೆ. ಎತ್ತಿನ ಹಲ್ಲು ಎಣಿಸುವುದು ಅವರಿಗೆ ಗೊತ್ತಿತ್ತು. ರ‍್ಯಾಮು, ಪ್ರೊಸೆಸರು, ಮೆಗಾಪಿಕ್ಸೆಲ್ಲು ಗೊತ್ತಿಲ್ಲ. ಗೊತ್ತಿರುವುದು ಮಗಳಿಗೆ, ಅವಳೋ ಆ ಕ್ಷಣಕ್ಕೆ ಎದುರು ಪಕ್ಷದಲ್ಲಿದ್ದಾಳೆ.

ಫೋನು ಆಯ್ಕೆಯಾದ ಮೇಲೆ ನಿಜವಾದ ಕಾಟ ಶುರು. ಪೆಟ್ಟಿಗೆ ಒಡೆಯುತ್ತಿದ್ದಂತೆ ಗಾಜಿನ ಹೊದಿಕೆಯೊಂದು ಪರದೆಗೆ ಅಂಟಿಯೇ ಬಿಡುತ್ತದೆ, ಬೇಕೇ ಎಂದು ಕೇಳುವ ಮೊದಲೇ. ಹಿಂದೆ ಒಂದು ಕವರು. ಚಾರ್ಜರು ಪೆಟ್ಟಿಗೆಯಲ್ಲಿಲ್ಲ. 2020ರಲ್ಲಿ ಆ್ಯಪಲ್ ಆರಂಭಿಸಿದ ಈ ಪದ್ಧತಿಯನ್ನು ಬೇರೆ ಕೆಲವು ಕಂಪನಿಗಳೂ ಹಿಡಿದುಕೊಂಡಿವೆ. ಆದ್ದರಿಂದ ಅದೂ ಒಂದು ಮಾರಾಟ. ಬಿದ್ದು ಒಡೆದರೆ ಎಂದು ಹೆದರಿಸಿ ಒಂದು ವಿಮೆ. ಒಂದು ಲೆಕ್ಕ ಹಾಕಿ ನೋಡಬಹುದು. ಫೋನಿಗೆ 14,999, ಗಾಜಿಗೆ 499, ಕವರಿಗೆ 399, ವಿಮೆಗೆ 1,499, ಕಂತಿನ ಸಂಸ್ಕರಣಾ ಶುಲ್ಕ 499. ಎಲ್ಲ ಕೂಡಿಸಿದರೆ 17,895 ರೂಪಾಯಿ. ಹದಿನೈದು ಸಾವಿರ ಎಂದು ಮನೆಯಲ್ಲಿ ಆದ ಮಾತು ಗಾಜಿನ ಬಾಗಿಲಿನ ಹೊರಗೇ ಉಳಿಯಿತು. ಇದೇ ಗಾಜು, ಇದೇ ಕವರು ಎಸ್.ಪಿ. ರಸ್ತೆಯ ಗಲ್ಲಿಯಲ್ಲಿ ಚೌಕಾಸಿಗೆ ಸಿಗುತ್ತವೆ ಎಂಬುದು ಬಿಲ್ಲಾದ ಮೇಲೆ ನೆನಪಾಗುತ್ತದೆ.

‘ಗಾಜು, ವಿಮೆ ತಗೊಳ್ಳದಿದ್ದರೆ ಈ ರೇಟಿಗೆ ಫೋನು ಕೊಡೋಕಾಗಲ್ಲ’ ಎನ್ನುವವರೂ ಇದ್ದಾರೆ. ಈ ಮಾತಿಗೆ ಕಾನೂನಿನಲ್ಲಿ ಒಂದು ಹೆಸರಿದೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಒಂದು ವಸ್ತು ಬೇಕಾದರೆ ಇನ್ನೊಂದನ್ನು ಕೊಳ್ಳಲೇಬೇಕು ಎಂದು ಷರತ್ತು ಹಾಕುವುದನ್ನು ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಹೇಳಿದ ಸರಕಿಗೆ ಬಿಲ್ಲು ಕೊಡದಿರುವುದು ಅದೇ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಅಂತರ್ಜಾಲದ ಅಂಗಡಿಗಳು ಗಿರಾಕಿಯ ಬುಟ್ಟಿಗೆ ಕೇಳದೇ ವಸ್ತು ಸೇರಿಸುವುದು, ‘ಇನ್ನು ಎರಡೇ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು ಮುಂತಾದ 13 ಬಗೆಯ ಕಣ್ಕಟ್ಟುಗಳನ್ನು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಪಟ್ಟಿ ಮಾಡಿ ನಿಷೇಧಿಸಿತು. ಆ ಪಟ್ಟಿ ಓದಿದವರಿಗೆ ಇದೇನು ಕಂಪ್ಯೂಟರ್ ಕಂಡುಹಿಡಿದ ವಿದ್ಯೆಯೋ, ಪೇಟೆ ಬೀದಿಯಿಂದ ಕಲಿತದ್ದೋ ಎಂಬ ಅನುಮಾನ ಬಂದರೆ ತಪ್ಪಲ್ಲ.

ಮೂಲೆಯ ಮೇಜಿನಲ್ಲಿ ಇನ್ನೊಬ್ಬ ಕೂತಿರುತ್ತಾನೆ. ಅವನು ಫೋನು ಮಾರುವುದಿಲ್ಲ, ಸಾಲ ಮಾರುತ್ತಾನೆ. ಆಧಾರ್, ಪ್ಯಾನು, ಒಂದು ಓಟಿಪಿ, ಹತ್ತು ನಿಮಿಷ. ‘ಬಡ್ಡಿಯೇ ಇಲ್ಲ ಸಾರ್, ನೋ ಕಾಸ್ಟ್.’ ಬಡ್ಡಿಯಿಲ್ಲದೆ ಸಾಲ ಕೊಡುವ ಧರ್ಮಾತ್ಮರು ಪೇಟೆಯಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಬೇರೆ ಬೇರೆ ರೂಪದಲ್ಲಿ ಮುಚ್ಚಿಟ್ಟಿರುತ್ತಾರೆ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಆಮೇಲೆ ಹೆಸರು ಬದಲಾಯಿತು, ಬಡ್ಡಿಯಷ್ಟನ್ನು ರಿಯಾಯಿತಿಯ ರೂಪದಲ್ಲಿ ತೋರಿಸುವ ಲೆಕ್ಕ ಬಂತು. ಪಿಯುಸಿ ಗಣಿತ ಓದಿದವರು ಇದನ್ನು ಅಂಗಡಿಯಲ್ಲೇ ಬಿಡಿಸಬಹುದು. ಪೂರ್ತಿ ಹಣ ಒಮ್ಮೆಗೇ ಕೊಟ್ಟರೆ ಸಾವಿರ ಬಿಟ್ಟು 14,000 ರೂಪಾಯಿ, ಕಂತಾದರೆ ತಿಂಗಳಿಗೆ 2,500ರಂತೆ ಆರು ತಿಂಗಳು 15,000 ರೂಪಾಯಿ ಎಂದಿಟ್ಟುಕೊಳ್ಳಿ. ಹೆಚ್ಚುವರಿ ಸಾವಿರವೇ ಬಡ್ಡಿ. ಪ್ರತಿ ತಿಂಗಳೂ ಅಸಲು ಕರಗುತ್ತಾ ಹೋಗುವುದರಿಂದ ಅದು ತಿಂಗಳಿಗೆ ಸುಮಾರು ಶೇ. 2, ಅಂದರೆ ವರ್ಷಕ್ಕೆ ಶೇ. 24ರ ಹತ್ತಿರ ಬರುತ್ತದೆ. ಸಂಸ್ಕರಣಾ ಶುಲ್ಕ, ಅದರ ಮೇಲಿನ ಶೇ. 18 ಜಿಎಸ್‌ಟಿ ಬೇರೆ.

ಈ ಮೇಜಿನಲ್ಲಿ ಕೇಳಬೇಕಾದ ಕಾಗದವೊಂದಿದೆ. 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆಲ್ಲ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಮುಖ್ಯ ವಿವರಗಳ ಪತ್ರ ಕೊಡುವುದನ್ನು ರಿಸರ್ವ್ ಬ್ಯಾಂಕು ಕಡ್ಡಾಯ ಮಾಡಿದೆ. ಎಲ್ಲ ಶುಲ್ಕಗಳೂ ಸೇರಿ ವರ್ಷಕ್ಕೆ ಶೇಕಡ ಎಷ್ಟು ಬೀಳುತ್ತದೆ ಎಂಬ ಒಂದೇ ಅಂಕಿ ಅದರಲ್ಲಿರಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಇಲ್ಲಿ ಅಭಿಮಾನದ ಮಾತಷ್ಟೇ ಅಲ್ಲ, ದುಡ್ಡಿನ ಮಾತು. ಪತ್ರದಲ್ಲಿ ಇಲ್ಲದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ಹಾಕುವಂತಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿಗೆ ಈ ಪತ್ರದ ನಿಯಮ ಅನ್ವಯಿಸುವುದಿಲ್ಲ. ಕಾರ್ಡಿನಲ್ಲಿ ಕಂತು ಕಟ್ಟಿದರೆ ಬಡ್ಡಿಯ ಮೇಲೂ ಶೇ. 18 ಜಿಎಸ್‌ಟಿ ಬೀಳುತ್ತದೆ.

ಬೆಲೆಯ ವಿಷಯದಲ್ಲೂ ಒಂದು ಮಾತು. ಪೆಟ್ಟಿಗೆಯ ಮೇಲೆ ಅಚ್ಚಾದ ಗರಿಷ್ಠ ಚಿಲ್ಲರೆ ಬೆಲೆ ಎಲ್ಲ ತೆರಿಗೆಯನ್ನೂ ಒಳಗೊಂಡದ್ದು. 2020ರ ಏಪ್ರಿಲ್‌ನಲ್ಲಿ ಶೇ. 12ರಿಂದ 18ಕ್ಕೇರಿದ ಜಿಎಸ್‌ಟಿಯೂ ಅದರಲ್ಲೇ ಇದೆ. ‘ಜಿಎಸ್‌ಟಿ ಬೇರೆ’ ಎಂದು ಆ ಬೆಲೆಯ ಮೇಲೆ ಕೇಳುವಂತಿಲ್ಲ. ಅಷ್ಟೇ ಅಲ್ಲ, ಎಷ್ಟೋ ಫೋನುಗಳು ಮೊದಲ ದಿನದಿಂದಲೇ ಆ ಬೆಲೆಗಿಂತ ಸಾಕಷ್ಟು ಕಡಿಮೆಗೆ ಮಾರಾಟವಾಗುತ್ತವೆ. ಹೀಗಿರುವಾಗ ‘ನಿಮಗಾಗಿ ನಾಲ್ಕು ಸಾವಿರ ಕಡಿಮೆ’ ಎಂಬುದು ಯಾರಿಗೂ ವಿಶೇಷ ಕೃಪೆಯಲ್ಲ.

ಕೂತು ನೋಡಿದರೆ, ಈ ಆಟದಲ್ಲಿ ಗೆದ್ದು ಹೊರಬರುವ ಕುಟುಂಬಗಳೂ ಕಾಣುತ್ತವೆ. ಅವರದು ದೊಡ್ಡ ತಂತ್ರವೇನಲ್ಲ. ಮಾಡೆಲಿನ ಹೆಸರು, ಮೆಮೊರಿ, ಆ ದಿನದ ಬೆಲೆ, ಮೂರನ್ನೂ ಚೀಟಿಯಲ್ಲಿ ಬರೆದು ತಂದಿರುತ್ತಾರೆ. ಚೀಟಿ ಮಗಳ ಕೈಯಲ್ಲಿರುತ್ತದೆ, ಮಾತೂ ಅವಳೇ ಆಡುತ್ತಾಳೆ. ‘ಇದಿಷ್ಟೇ ಬೇಕು, ಗಾಜು ಬೇಡ, ವಿಮೆ ಬೇಡ’ ಎಂದು ಹದಿನಾರರ ಹುಡುಗಿ ಹೇಳಿದರೆ ಟೀ ಶರ್ಟಿನವನ ಬಾಣಗಳೆಲ್ಲ ಬತ್ತಳಿಕೆಯಲ್ಲೇ ಉಳಿಯುತ್ತವೆ. ಅಪ್ಪ ಆಗ ಹಿಂದೆ ನಿಂತು ಹಣ ಎಣಿಸುವಷ್ಟೇ ಕೆಲಸ. ಇಂದಿನ ಕೊನೇ ದಿನದ ಆಫರ್ ಎಂದರೆ ‘ನಾಳೆ ಬರ್ತೀವಿ’ ಎಂದು ನಗುವಷ್ಟು ಧೈರ್ಯ ಅಮ್ಮಂದಿರಿಗೇ ಹೆಚ್ಚು. ಚಿಕ್ಕಪೇಟೆಯ ಸೀರೆ ಅಂಗಡಿಗಳ ತರಬೇತಿ ಇರಬೇಕು!

ಕೊಂಡ ಫೋನನ್ನು ಚೀಲಕ್ಕೆ ಹಾಕುವ ಮೊದಲು ಅಲ್ಲೇ ನಿಂತು *#06# ಒತ್ತಿದರೆ ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಪರದೆಯ ಮೇಲೆ ಬರುತ್ತದೆ. ಅದು ಪೆಟ್ಟಿಗೆಯ ಮೇಲೂ ಬಿಲ್ಲಿನಲ್ಲೂ ಒಂದೇ ಆಗಿರಬೇಕು. ಕೆವೈಎಂ ಎಂದು ಇಂಗ್ಲಿಷಿನಲ್ಲಿ ಬರೆದು, ಒಂದು ಅಂತರ ಬಿಟ್ಟು ಆ ಸಂಖ್ಯೆಯನ್ನು 14422ಕ್ಕೆ ಸಂದೇಶ ಕಳಿಸಿದರೆ ಫೋನಿನ ವಿವರ ಬರುತ್ತದೆ. ಪೇಟೆಯ ಹಳೆಯ ಫೋನು ಕೊಳ್ಳುವವರಿಗಂತೂ ಇದು ಬಹಳ ಮುಖ್ಯ.

ಬಿಲ್ಲಿನ ಕೆಳಗೆ ‘ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ’ ಎಂಬ ಸಾಲು ಕಂಡು ಎದೆಗುಂದಬೇಕಿಲ್ಲ. ಸರಕು ದೋಷಪೂರಿತವಾಗಿದ್ದರೆ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಅದನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಮನಸ್ಸು ಬದಲಾಯಿತೆಂದು ಹಿಂದಿರುಗಿಸುವುದಕ್ಕೆ ಮಾತ್ರ ಈ ರಕ್ಷಣೆ ಇಲ್ಲ. ತಕರಾರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ಹೇಳಬಹುದು. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ಫೋನು ಕೊಂಡದ್ದು ಬೆಂಗಳೂರಿನಲ್ಲಾದರೂ ದೂರನ್ನು ತಾವು ವಾಸಿಸುವ ಜಿಲ್ಲೆಯಲ್ಲೇ ಸಲ್ಲಿಸಬಹುದು. ಚಿತ್ರದುರ್ಗದ ಅಪ್ಪ ಮತ್ತೆ ಬಸ್ಸು ಹತ್ತಿ ಮೆಜೆಸ್ಟಿಕ್ಕಿಗೆ ಬರಬೇಕಾಗಿಲ್ಲ.